ಅತ್ತೆಯ ಕಡಲು, ನನ್ನ ಮುನ್ನೆಚ್ಚರಿಕೆ

ಇಡೀ ಸುಂಟಿಕೊಪ್ಪದಲ್ಲಿ ಸುನಾಮಿಯನ್ನು ಎದುರಿಸಲು ಸಿದ್ಧನಾಗಿರುವ ಏಕೈಕ ವ್ಯಕ್ತಿ ನಾನು! ಕೊಡಗಿನ ಬೆಟ್ಟದ ಮೇಲಿರುವ ಸುಂಟಿಕೊಪ್ಪಕ್ಕೆ ಸುನಾಮಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತು, ಅಷ್ಟೇ. ಮಡಿಕೇರಿಯಲ್ಲಿ ಒಂದು ದಿನದ ವಿಪತ್ತು ನಿರ್ವಹಣಾ ಶಿಬಿರ ಇತ್ತು. ನಮ್ಮ ಪಂಚಾಯತಿ ಕಚೇರಿಯಿಂದ ಯಾರಾದರೊಬ್ಬರು ಹೋಗಲೇಬೇಕಿತ್ತು. ಎಲ್ಲರಿಗೂ ಅಂದೇ ಹೊಟ್ಟೆನೋವು ಬಂದಿದ್ದರಿಂದ ಗುಮಾಸ್ತನಾದ ನಾನು ಹೋದೆ. ಊಟ ಚೆನ್ನಾಗಿತ್ತು. ಸಂಜೆ ಒಂದು ಪ್ರಮಾಣಪತ್ರ, ಒಂದು ಪುಸ್ತಿಕೆ ಕೊಟ್ಟರು. ಪ್ರಮಾಣಪತ್ರಕ್ಕೆ ಬಸ್ಸು ಹತ್ತುವ ಮೊದಲೇ ಲ್ಯಾಮಿನೇಷನ್ ಮಾಡಿಸಿದೆ. ಪುಸ್ತಿಕೆಯ ಹೆಸರು ‘ಕರಾವಳಿ ನಗರಗಳಿಗೆ ಹೋಗುವ ಪ್ರವಾಸಿಗರಿಗೆ ಇಪ್ಪತ್ತೆರಡು ಮುನ್ನೆಚ್ಚರಿಕೆಗಳು’. ಅದನ್ನು ಬೆಟ್ಟದ ಮೇಲಿನವರಿಗೆ ಯಾಕೆ ಹಂಚಿದರೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ಮಿಕ್ಕಿದ್ದವು.

ಆದರೆ ನನಗೆ ಅದು ಸಮಯಕ್ಕೆ ಸರಿಯಾಗಿ ಸಿಕ್ಕಿತು. ಯಾಕೆಂದರೆ ನನ್ನ ಅತ್ತೆ ರಂಗಮ್ಮನವರು ಅರವತ್ತೆಂಟು ವರ್ಷ ತುಂಬಿದರೂ ಕಡಲು ನೋಡಿರಲಿಲ್ಲ. ಮಾವ ಜವರಯ್ಯನವರು ಮದುವೆಯಾದ ವರ್ಷದಿಂದಲೂ ‘ಈ ಸಲ ಶುಂಠಿ ಕಿತ್ತ ಮೇಲೆ ಕರ್ಕೊಂಡು ಹೋಗ್ತೀನಿ’ ಎಂದು ಹೇಳುತ್ತಲೇ ಇದ್ದರು. ಕುಶಾಲನಗರದ ಪಕ್ಕದ ಅವರ ಹೊಲದಲ್ಲಿ ನಲವತ್ತು ಸಲ ಶುಂಠಿ ಕಿತ್ತರು. ಹೋದ ವರ್ಷ ಮಾವ ತೀರಿಕೊಂಡರು, ಅತ್ತೆ ನಮ್ಮ ಮನೆಗೆ ಬಂದರು. ಅತ್ತೆ ಒಂದು ದಿನವೂ ಬಾಯಿಬಿಟ್ಟು ಕೇಳಿದವರಲ್ಲ. ಟಿವಿಯಲ್ಲಿ ಸಮುದ್ರ ಬಂದರೆ ಮಾತ್ರ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಅತ್ತೆ, ಈ ಎರಡನೇ ಶನಿವಾರ ನಿಮಗೆ ಕಣ್ಣೂರಿನ ಕಡಲು ತೋರಿಸ್ತೀನಿ," ಎಂದು ಘೋಷಿಸಿದೆ. "ಸೂರ್ಯ ನೀರಿಗೆ ಇಳಿಯೋದನ್ನ ನೀವು ಕಣ್ಣಾರೆ ನೋಡಬೇಕು!"

"ನಿಜವಾಗ್ಲೂನಾ ಅಳಿಯಂದ್ರೇ?" ಎಂದರು ಅತ್ತೆ. ಅಷ್ಟೇ ಅಂದದ್ದು. ಒಳಗೆ ಹೋಗಿ ಮೂಗು ಸೀನಿಕೊಂಡ ಸದ್ದು ಕೇಳಿಸಿತು.

ಇದ್ದದ್ದು ಒಂದೇ ಸಂಜೆ. ಭಾನುವಾರ ಮಧ್ಯಾಹ್ನ ಅವರ ತಮ್ಮನ ಮೊಮ್ಮಗಳ ನಾಮಕರಣ, ತಪ್ಪಿಸುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನಕ್ಕೆ ಕಣ್ಣೂರು, ಸಂಜೆ ಕಡಲು, ಭಾನುವಾರ ನಸುಕಿಗೆ ವಾಪಸು. ಒಂದು ನಿಮಿಷವೂ ಆಚೀಚೆ ಆಗದಂತೆ ನಾನು ಯೋಜನೆ ಹಾಕಿದೆ.

ಶುಕ್ರವಾರ ಪುಸ್ತಿಕೆ ಹಿಡಿದು ತುರ್ತು ಚೀಲ ತುಂಬಲು ಕೂತೆ. ನನ್ನ ಹೆಂಡತಿ ದಿವ್ಯಶ್ರೀ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಇಪ್ಪತ್ತು ಮೀಟರ್ ಹಗ್ಗ!" ಎಂದೆ. "ಮುಳುಗುತ್ತಿರುವವರಿಗೆ ಎಸೆಯಲು."

"ಯಾರು ಮುಳುಗ್ತಾರೆ?"

"ಅದು ಮೊದಲೇ ಗೊತ್ತಾಗಲ್ಲ ಕಣೇ! ಅದಕ್ಕೇ ವಿಪತ್ತು ಅನ್ನೋದು. ತಲೆಗೆ ಕಟ್ಟುವ ಟಾರ್ಚ್, ಇದೆ. ಟಾರ್ಪಾಲು, ಇದೆ. ಚಾಕು..." ಚಾಕು ಸಿಗಲಿಲ್ಲ. ಸೌದೆ ಸೀಳುವ ಕತ್ತಿ ಸಿಕ್ಕಿತು, ಹಾಕಿದೆ. "ಅಂಬಲಿ ಮೀನು, ಅದೇ ಜೆಲ್ಲಿಫಿಶ್, ಕುಟುಕಿದರೆ ವಿನೆಗರ್ ಸುರಿಯಬೇಕಂತೆ. ವಿನೆಗರ್ ಎಲ್ಲಿ?"

"ನಮ್ಮನೇಲಿ ಯಾವತ್ತು ವಿನೆಗರ್ ಇತ್ತು? ಕಾಚಂಪುಳಿ ಇದೆ."

ಕೊಡಗಿನ ಹೊರಗಿನವರಿಗೆ ಹೇಳಬೇಕು: ಕಾಚಂಪುಳಿ ಎಂದರೆ ಹಂದಿ ಸಾರಿಗೆ ಹಾಕುವ ಕಪ್ಪನೆಯ ಹುಳಿ. ಹುಳಿ ಹುಳಿಯೇ ತಾನೇ! ಒಂದು ಬಾಟಲಿ ಇಟ್ಟೆ. ನಿರ್ಜಲೀಕರಣಕ್ಕೆ ಉಪ್ಪು ಎಂದಿತ್ತು, ಒಂದು ಕಿಲೋ ಕಲ್ಲುಪ್ಪು ಇಟ್ಟೆ. ನೀರು ನುಗ್ಗದಂತೆ ಅಡ್ಡ ಇಡಲು ಮರಳಿನ ಚೀಲ ಎಂದಿತ್ತು. ಮರಳು ಅಲ್ಲೇ ಸಿಗುತ್ತದಲ್ಲ, ಕಾಫಿ ತುಂಬುವ ಆರು ಖಾಲಿ ಗೋಣಿಚೀಲ ಇಟ್ಟೆ. ಅಪಾಯದಲ್ಲಿದ್ದೇವೆಂದು ದೂರದ ಹಡಗಿಗೆ ತಿಳಿಸಲು ಆಕಾಶಕ್ಕೆ ಬೆಳಕು ಹಾರಿಸಬೇಕಂತೆ. ಅಂಥದ್ದು ಎಲ್ಲಿ ತರಲಿ? ಪಕ್ಕದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಅಭಿಲಾಷನನ್ನು ಕೇಳಿ, ಆನೆ ಓಡಿಸುವ ಪಟಾಕಿ ನಾಲ್ಕು ತಂದೆ. ಅದರ ಸದ್ದಿಗೆ ಹಡಗು ಬಾರದಿದ್ದರೆ ಇನ್ನು ಯಾವುದಕ್ಕೆ ಬರುತ್ತದೆ!

"ರೀ, ನಾವು ಕಡಲು ನೋಡೋಕೆ ಹೋಗ್ತಿದೀವೋ, ಕಡಲಿನ ಮೇಲೆ ಯುದ್ಧಕ್ಕೆ ಹೋಗ್ತಿದೀವೋ?" ಎಂದಳು ದಿವ್ಯಶ್ರೀ.

ಅಜ್ಞಾನಿಗಳ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಶನಿವಾರ ಬೆಳಿಗ್ಗೆ ಐದೂವರೆಗೆ ಕಾರು ತಯಾರು. ಅತ್ತೆ ಹೊಸ ಸೀರೆಯುಟ್ಟು, ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡು, ನಾಲ್ಕು ಗಂಟೆಯಿಂದಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಆಗ ನನಗೆ ಏಳನೆಯ ಮುನ್ನೆಚ್ಚರಿಕೆ ನೆನಪಾಯಿತು: ಹೊರಡುವ ಮುನ್ನ ಕುಟುಂಬದ ಸಮೇತ ಒಮ್ಮೆ ಅಣಕು ಅಭ್ಯಾಸ ಮಾಡತಕ್ಕದ್ದು.

"ಎಲ್ಲರೂ ಇಳಿಯಿರಿ!" ಎಂದೆ. "ನಾನು ಮೂರು ಸಲ ಸೀಟಿ ಊದುತ್ತೇನೆ. ಸೀಟಿ ಎಂದರೆ ಸುನಾಮಿ. ತಕ್ಷಣ ಎತ್ತರದ ಜಾಗಕ್ಕೆ ಓಡಬೇಕು!"

"ನಮ್ಮನೆ ಇರೋದೇ ಸಮುದ್ರದಿಂದ ಮೂರು ಸಾವಿರ ಅಡಿ ಮೇಲೆ," ಎಂದಳು ದಿವ್ಯಶ್ರೀ. "ಇನ್ನೂ ಎಲ್ಲಿಗೆ ಹತ್ತೋದು?"

"ನೀರಿನ ಟ್ಯಾಂಕಿನ ಮೇಲಕ್ಕೆ!"

ಮೂರು ಸಲ ಊದಿದೆ, ಶಕ್ತಿಯಿದ್ದಷ್ಟೂ. ಊದಿದ ಮೇಲೆ ನೆನಪಾಯಿತು. ನಮ್ಮ ಕಡೆ ತೋಟದಲ್ಲಿ ಸೀಟಿ ಊದಿದರೆ ಅದಕ್ಕೆ ಒಂದೇ ಅರ್ಥ: ಆನೆ ಬಂತು!

ಪಕ್ಕದ ತೋಟದಲ್ಲಿ ಆಗತಾನೇ ಕಾಫಿ ಪಿಕ್ಕಿಂಗಿಗೆ ಹೊರಟಿದ್ದ ನಲವತ್ತು ಜನ ಬುಟ್ಟಿ ಬಿಸಾಡಿ ಕಾರ್ಮಿಕರ ಲೈನು ಮನೆಗಳಿಗೆ ಓಡಿದರು. ಧಡ್ ಧಡ್ ಎಂದು ಬಾಗಿಲು ಮುಚ್ಚಿದ ಸದ್ದು ನಮ್ಮ ಅಂಗಳಕ್ಕೆ ಕೇಳಿಸಿತು. ನಾಯಿಗಳೆಲ್ಲ ಬೊಗಳಿದವು. ಎರಡು ನಿಮಿಷದಲ್ಲಿ ಅಭಿಲಾಷನ ಫೋನ್, ಅರೆಭಾಷೆಯಲ್ಲಿ: ಅದರಲ್ಲಿ ‘ಉಟ್ಟು’ ಎಂದರೆ ಇದೆ, ‘ಇಲ್ಲೆ’ ಎಂದರೆ ಇಲ್ಲ.

"ಅಣ್ಣಾ, ಆನೆ ಎಲ್ಲಿ ಉಟ್ಟು?"

"ಆನೆ ಇಲ್ಲೆ ಮಾರಾಯ. ಅದು ಸುನಾಮಿ."

ಅವನು ಆ ಕಡೆ ಯಾರಿಗೋ ‘ಸುನಾಮಿಯಂತೆ’ ಎಂದದ್ದು ಕೇಳಿಸಿತು. ಆಮೇಲೆ ಅಭಿಲಾಷ ಮೆಲ್ಲಗೆ, "ಅಣ್ಣಾ, ಜನ ಹೊರಗೆ ಬರಲ್ಲ ಅಂತಾರೆ. ಸೀಟಿ ಊದಿದವರೇ ಬಂದು ಆನೆ ಇಲ್ಲ ಅಂತ ತೋರಿಸಬೇಕಂತೆ," ಎಂದ.

ಇಲ್ಲದ ಆನೆಯನ್ನು ಇಲ್ಲವೆಂದು ತೋರಿಸುವುದು ಹೇಗೆ? ನೂರೈವತ್ತು ಎಕರೆ ತೋಟವನ್ನು ಮೂಲೆಮೂಲೆ ಸುತ್ತಿದೆ, ಒಬ್ಬನೇ, ಮುಂದೆ ಮುಂದೆ. ಐವತ್ತು ಗಜ ಹಿಂದೆ ನಲವತ್ತು ಜನ. ನಿಜವಾಗಿಯೂ ಆನೆ ಇದ್ದುಬಿಟ್ಟರೆ ಏನು ಗತಿ ಎಂದು ಹತ್ತಬಹುದಾದ ಮರಗಳನ್ನು ಎಣಿಸುತ್ತಾ ನಡೆದೆ. ಹಳ್ಳದ ಬದಿಯ ಪೊದೆಯೊಂದು ಅಲ್ಲಾಡಿದಾಗ ನಾನು ಹಾರಿದ ಎತ್ತರವನ್ನು ಅವರು ಇನ್ನೂ ಆಡಿಕೊಳ್ಳುತ್ತಾರಂತೆ. ಅದು ಒಂದು ಕಾಡುಕೋಳಿ.

ಕಾರು ಹೊರಟಾಗ ಹನ್ನೊಂದು ಗಂಟೆ ದಾಟಿತ್ತು. ಅತ್ತೆ ಮಡಿಲಿನ ಗಂಟನ್ನು ಸರಿಮಾಡಿಕೊಂಡು ಕೂತರು. ದಿವ್ಯಶ್ರೀ ಒಂದು ಮಾತೂ ಆಡಲಿಲ್ಲ. ಅವಳು ಆಡದಿದ್ದರೇ ನನಗೆ ಹೆಚ್ಚು ಭಯ.

ಮಡಿಕೇರಿ ದಾಟಿ, ವಿರಾಜಪೇಟೆಯಲ್ಲಿ ಊಟದ ಶಾಸ್ತ್ರ ಮುಗಿಸಿ, ಕಾಡಿನ ಘಾಟಿ ಇಳಿದು ಮಾಕುಟ್ಟದ ಚೆಕ್‌ಪೋಸ್ಟಿಗೆ ಬಂದಾಗ ಎರಡೂವರೆ. ಇಲ್ಲಿಂದ ಆಚೆ ಕೇರಳ. ಎರಡು ಗಂಟೆಯ ದಾರಿ, ಸೂರ್ಯ ಮುಳುಗಲು ನಾಲ್ಕು ಗಂಟೆಯಿದೆ. ಎದೆ ಹಗುರಾಯಿತು. ಚೆನ್ನಯ್ಯ ಎಂಬ ಹೆಸರಿನ ಪಟ್ಟಿ ಧರಿಸಿದ್ದ ಅರಣ್ಯ ಸಿಬ್ಬಂದಿ ಬಂದು ಬಹಳ ಮರ್ಯಾದೆಯಿಂದ, "ಡಿಕ್ಕಿ ತೆಗೀರಿ ಸಾರ್," ಎಂದರು.

ತೆಗೆದೆ. ಅವರು ಒಂದೊಂದೇ ವಸ್ತುವನ್ನು ಎತ್ತಿ ರಸ್ತೆ ಬದಿಯ ಮೇಜಿನ ಮೇಲೆ ಜೋಡಿಸಿದರು. ತಲೆಗೆ ಕಟ್ಟುವ ಟಾರ್ಚ್. ಹಗ್ಗ. ಕತ್ತಿ. ಪಟಾಕಿ. ಗೋಣಿಚೀಲ. ಟಾರ್ಪಾಲು. ಕಲ್ಲುಪ್ಪು. ಕೊನೆಗೆ ಕಾಚಂಪುಳಿಯ ಬಾಟಲಿ. ಮುಚ್ಚಳ ತೆಗೆದು ಮೂಸಿದರು. ಅವರ ಮುಖದಲ್ಲಿ ಒಂದು ತಿಳಿವಳಿಕೆ ಮೂಡಿತು.

"ಎಲ್ಲಾ ಉಂಟು ಸಾರ್," ಎಂದರು. "ಹಂದಿ ಒಂದೇ ಕಮ್ಮಿ. ಅದೆಲ್ಲಿ?"

"ಹಂದಿಯೇ?"

"ಯಾವ ಕಾಡಿಗೆ ನುಗ್ಗೋದು ಅಂತ ಇದ್ರಿ?"

ನನಗೆ ಆಗ ಹೊಳೆಯಿತು. ಕಡಲ ವಿಪತ್ತಿಗೆ ನಾನು ಕಟ್ಟಿದ ಗಂಟು, ಕಾಡುಹಂದಿ ಬೇಟೆಯ ಗಂಟಿಗೆ ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಹೊಂದುತ್ತಿತ್ತು!

"ಸಾರ್, ಇದು ಸುನಾಮಿಗೆ! ಕಾಚಂಪುಳಿ ಅಂಬಲಿ ಮೀನಿಗೆ!"

"ಮೀನಿಗೆ ಕಾಚಂಪುಳಿ ಹಾಕ್ತಾರಾ? ಮತ್ತೆ ಆ ಗೋಣಿಚೀಲ?"

"ಕಡಲ ತೀರದ ಮರಳು ತುಂಬೋಕೆ!"

"ಓಹೋ! ಮರಳು ದಂಧೆಯೂ ಉಂಟಾ?" ಎಂದರು ಚೆನ್ನಯ್ಯ, ಪೆನ್ನು ತೆಗೆದು.

ಅಷ್ಟರಲ್ಲಿ ಅತ್ತೆಯ ಮಡಿಲಿನ ಗಂಟನ್ನೂ ಬಿಚ್ಚಿಸಿದರು. ಒಳಗೆ ಹುರಿದು ಪುಡಿ ಮಾಡಿದ ಕರಿಮೆಣಸಿನ ಮಸಾಲೆ, ಘಮ್ ಎನ್ನುವಂಥದ್ದು. "ಕಣ್ಣೂರಲ್ಲಿ ಒಳ್ಳೆ ಮೀನು ಸಿಗುತ್ತಂತೆ, ಹುರಿಯೋಕೆ ಇರಲಿ ಅಂತ ತಂದೆ ಕಣಪ್ಪಾ," ಎಂದರು ಅತ್ತೆ ಮುಗ್ಧವಾಗಿ. ನನ್ನ ಮೇಲಿನ ಮೊಕದ್ದಮೆಗೆ ಮಸಾಲೆಯೂ ಬಿದ್ದಂತಾಯಿತು.

ನಾನು ಪ್ರಮಾಣಪತ್ರ ತೆಗೆದು ತೋರಿಸಿದೆ. ಚೆನ್ನಯ್ಯ ಅದನ್ನು ಬಿಸಿಲಿಗೆ ಹಿಡಿದು ಓದಿದರು. "ಇದರಲ್ಲಿ ‘ಭಾಗವಹಿಸಿದ್ದಾರೆ’ ಅಂತ ಮಾತ್ರ ಉಂಟು. ಕಲ್ತಿದ್ದಾರೆ ಅಂತ ಇಲ್ಲ," ಎಂದರು. ಸಾಹೇಬರು ಬರುವವರೆಗೆ ಕಾಯಬೇಕು, ಐದು ಗಂಟೆಯಾಗಬಹುದು ಎಂದರು.

ಐದು ಗಂಟೆ! ನಾನು ಅತ್ತೆಯ ಕಡೆ ನೋಡಿದೆ. ಅವರು ಬಿಸಿಲು ಮರದ ಯಾವ ಕೊಂಬೆಗೆ ಇಳಿದಿದೆ ಎಂದು ಕತ್ತೆತ್ತಿ ನೋಡುತ್ತಿದ್ದರು. ಗಡಿಯಾರ ನೋಡಲು ಬಾರದವರು ಹೊತ್ತು ಅಳೆಯುವುದು ಹಾಗೆಯೇ. ಮಾವ ನಲವತ್ತು ವರ್ಷ ಹುಸಿ ಮಾಡಿದ ಮಾತನ್ನು ನಾನು ಒಂದೇ ದಿನದಲ್ಲಿ ಹುಸಿ ಮಾಡಲಿದ್ದೆ. ನನಗೆ ನಿಜವಾಗಿ ಅಳು ಬಂತು.

ಆಗ ದಿವ್ಯಶ್ರೀ ಮುಂದೆ ಬಂದಳು. ಬೆಳಗಿನಿಂದ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಬಂತು.

"ಸಾರ್, ಇವರು ಹಂದಿ ಹೊಡೆಯೋದಾ? ಜಿರಳೆ ಕಂಡ್ರೆ ಮಂಚ ಹತ್ತಿ ನನ್ನ ಕೂಗ್ತಾರೆ! ಕೋಳಿ ಕುಯ್ಯೋ ದಿನ ಲೈಬ್ರರಿಗೆ ಹೋಗಿ ಕೂತಿರ್ತಾರೆ! ಬೆಳಿಗ್ಗೆ ಕಾಡುಕೋಳಿ ಕಂಡು ಹಾರಿದ್ದನ್ನ ನಲವತ್ತು ಜನ ನೋಡಿದಾರೆ, ಬೇಕಾದ್ರೆ ಫೋನ್ ಮಾಡಿ!"

"ಹೌದು ಸಾರ್!" ಎಂದೆ ನಾನು ಉತ್ಸಾಹದಿಂದ. "ನಾನು ಮಹಾ ಪುಕ್ಕಲ!"

ಚೆನ್ನಯ್ಯ ಒಪ್ಪಲಿಲ್ಲ. "ಬೇಟೆಯವರೆಲ್ಲ ಹೀಗೇ ಹೇಳೋದು. ಹಗ್ಗ ಯಾಕೆ ತಂದಿದ್ದು? ಹೇಗೆ ಕಟ್ತೀರಿ, ತೋರಿಸಿ."

ಶಿಬಿರದಲ್ಲಿ ಕಲಿಸಿದ ರಕ್ಷಣಾ ಗಂಟು ನನಗೆ ಬಾಯಿಪಾಠ! ಗೇಟಿನ ಅಡ್ಡಗಂಬಕ್ಕೆ ಹಗ್ಗ ಸುತ್ತಿದೆ, ಒಂದು ಕುಣಿಕೆ ಹಾಕಿದೆ, ಇನ್ನೊಂದು ಹಾಕಿದೆ, ತುದಿಯನ್ನು ಒಳಗಿನಿಂದ ತಂದು ಬಲವಾಗಿ ಜಗ್ಗಿದೆ. "ನೋಡಿ ಸಾರ್! ಎಷ್ಟೇ ಎಳೆದರೂ ಬಿಚ್ಚಲ್ಲ!"

ಬಿಚ್ಚಲಿಲ್ಲ. ಯಾಕೆಂದರೆ ಒಳಗೆ ನನ್ನ ಎರಡು ಕೈಗಳೂ ಇದ್ದವು.

ಅದೇ ಹೊತ್ತಿಗೆ ಕೇರಳದ ಬಸ್ಸೊಂದು ಬಂತು. ಅದರ ಹಿಂದೆ ಎರಡು ಲಾರಿ, ಒಂದು ಮದುವೆ ದಿಬ್ಬಣದ ಜೀಪು. ಕಂಬ ಎತ್ತುವಂತಿಲ್ಲ, ಎತ್ತಿದರೆ ನಾನೂ ಎದ್ದು ಬರುತ್ತೇನೆ! ಹಾರ್ನುಗಳು ಒಂದೇ ಸಮ ಮೊಳಗಿದವು. ಬಸ್ಸಿನಿಂದ ಇಳಿದವರು ಮಲಯಾಳದಲ್ಲಿ ಸಲಹೆ ಕೊಟ್ಟರು, ದಿಬ್ಬಣದವರು ಕೊಡವ ಭಾಷೆಯಲ್ಲಿ ಕೊಟ್ಟರು, ಲಾರಿಯವರು ತಮಿಳಿನಲ್ಲಿ ಬೈದರು. ಚೆನ್ನಯ್ಯ ಹಲ್ಲಿನಿಂದಲೂ ಪ್ರಯತ್ನಿಸಿದರು. ಕೊನೆಗೆ ನನ್ನದೇ ಕತ್ತಿಯಿಂದ ಹಗ್ಗ ಕತ್ತರಿಸಿ ನನ್ನನ್ನು ಪಾರು ಮಾಡಿದರು. ಜನ ಚಪ್ಪಾಳೆ ತಟ್ಟಿದರು.

ಚೆನ್ನಯ್ಯ ಬೆವರು ಒರೆಸಿಕೊಂಡು ಒಳಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿದರು. "ಇಲ್ಲ ಸಾರ್, ಬೇಟೆಯವರಲ್ಲ. ನಾನೇ ಕಣ್ಣಾರೆ ನೋಡಿದೆ. ಇವರ ಕೈಲಿ ಇಲಿ ಕೂಡ ಹಿಡಿಯಕ್ಕಾಗಲ್ಲ," ಎಂದದ್ದು ಕಿಟಕಿಯಿಂದ ಕೇಳಿಸಿತು. ಜೀವನದಲ್ಲಿ ಯಾರೂ ನನ್ನ ಬಗ್ಗೆ ಇಷ್ಟು ಸಂತೋಷದ ಮಾತು ಆಡಿರಲಿಲ್ಲ. ಕತ್ತಿ, ಪಟಾಕಿ ಇಟ್ಟುಕೊಂಡು ಚೀಟಿ ಕೊಟ್ಟರು. ಅತ್ತೆಗೆ ಮಸಾಲೆ ವಾಪಸು ಕೊಟ್ಟು, "ಬೇಗ ಹೋಗಿ ಅಜ್ಜಿ, ಹೊತ್ತು ಮುಳುಗೋದ್ರೊಳಗೆ ಮುಟ್ಟಬಹುದು," ಎಂದು ಅವರೇ ಗೇಟು ಎತ್ತಿದರು. ನಾನು ಕಾರನ್ನು ಯಾವತ್ತೂ ಓಡಿಸದ ಹಾಗೆ ಓಡಿಸಿದೆ.

ಕಣ್ಣೂರಿನ ಕಡಲ ದಂಡೆಗೆ ಬಂದಾಗ ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಅತ್ತೆ ಚಪ್ಪಲಿ ಬಿಟ್ಟು ಮರಳಿನಲ್ಲಿ ನಿಂತರು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಬೇಸಾಯದವರ ಧ್ವನಿಯಲ್ಲಿ, "ಇಷ್ಟೊಂದು ನೀರಿಟ್ಕೊಂಡು ಒಂದು ಗದ್ದೇನೂ ಮಾಡಿಲ್ವಲ್ಲ ಇವ್ರು!" ಎಂದರು.

ಸೀರೆಯನ್ನು ಒಂದಿಷ್ಟು ಮೇಲೆತ್ತಿ ನೀರಿಗೆ ನಡೆದರು. ಅಳಿಯನ ಕರ್ತವ್ಯವೆಂದು ನಾನು ಅವರ ಕೈ ಹಿಡಿದು ಜೊತೆಗೆ ಇಳಿದೆ. ಪಾದ ಮುಳುಗಿತು. ಕಾಲಡಿಯ ಮರಳು ಸರಸರನೆ ಜಾರಿತು. ಮೊಣಕಾಲೆತ್ತರದ ಒಂದು ಅಲೆ ನಮ್ಮ ಕಡೆಗೇ ಬಂತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಒಪ್ಪಿಕೊಳ್ಳುತ್ತೇನೆ: ನಾನೂ ಕಡಲಿಗೆ ಇಳಿದದ್ದು ಅದೇ ಮೊದಲು. ನನಗೆ ಈಜು ಬಾರದು. ಹದಿನಾಲ್ಕು ವರ್ಷ ದಿವ್ಯಶ್ರೀ ಕಡಲಿಗೆ ಹೋಗೋಣ ಎಂದಾಗಲೆಲ್ಲ ಕಚೇರಿಯಲ್ಲಿ ಆಡಿಟ್ ಇದೆ ಎಂದವನು ನಾನು. ಅಲೆ ಬಡಿದಾಗ ಕಣ್ಣು ಮುಚ್ಚಿದೆ.

"ಅಮ್ಮಾ!" ಎಂದು ಸೊಂಟದುದ್ದ ನೀರಿನಲ್ಲಿ ಕುಣಿಯುತ್ತಿದ್ದ ದಿವ್ಯಶ್ರೀ ಗಾಬರಿಯಿಂದ ಕೂಗಿದಳು. "ಬರ್ಲಾ?"

"ಬೇಡ ಕಣವ್ವಾ, ನೀನು ಆಟ ಆಡ್ಕೋ!" ಎಂದು ಅತ್ತೆ ಇಡೀ ದಂಡೆಗೆ ಕೇಳುವಂತೆ ಉತ್ತರ ಕೊಟ್ಟರು. "ಅಳಿಯಂದ್ರನ್ನ ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ!"