ಡಿಗೆ ಹಾಕಿ ಮೂರು ಎಣಿಸಿ

ನಾನು ಎದುರು ಮಾತಾಡುವ ಹೆಂಗಸಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರ್‌ಗಳು ತಿದ್ದಿದ ನಾಲಿಗೆ ಇದು. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಗೇ ಸಾರಿ ಹೇಳುತ್ತದೆ. ಮದುವೆಯ ಪಂಕ್ತಿಯಲ್ಲಿ ಪಾಯಸದ ಬಕೆಟ್ ನನ್ನ ಎಲೆ ತಪ್ಪಿಸಿ ಮುಂದೆ ಹೋದರೂ ಕೂಗಿ ಕರೆಯುವುದಿಲ್ಲ. ಇಂಥವಳು ನಾಲ್ಕು ತಿಂಗಳು ಮನೆಯಲ್ಲಿ ಒಂದೇ ಮಾತು ಹಿಡಿದು ಕೂತಿದ್ದೆ: "ತಪ್ಪು ನನ್ನ ಕಾಲಿನದಲ್ಲ, ಕಾರಿನದು."

ಕಾರು ಹಳೆಯದು, ಸೆಕೆಂಡ್ ಹ್ಯಾಂಡ್, ಆಟೊಮ್ಯಾಟಿಕ್. ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೋದಾಗ ಕ್ಲಚ್ಚಿಗೂ ನನಗೂ ಕೂಡಿಬರಲಿಲ್ಲ. ಕಲಿಸುವವರು ಕೊನೆಗೆ ಕೈಮುಗಿದು, "ಅಮ್ಮಾ, ಆಟೊಮ್ಯಾಟಿಕ್ ತಗೊಂಡುಬಿಡಿ, ನಿಮಗೂ ಒಳ್ಳೇದು, ಊರಿಗೂ ಒಳ್ಳೇದು" ಅಂದರು. ಅಂದಿನಿಂದ ಪ್ರತಿ ಗುರುವಾರ ಭದ್ರಾವತಿಗೆ, ಅಕ್ಕನ ಮನೆಗೆ, ನಾನೊಬ್ಬಳೇ ಓಡಿಸಿಕೊಂಡು ಹೋಗುತ್ತೇನೆ. ಅದಕ್ಕೂ ಮೊದಲು ಅಕ್ಕನನ್ನು ನೋಡಬೇಕೆಂದರೆ ನಮ್ಮನೆಯವರ "ಭಾನುವಾರ ನೋಡೋಣ" ಎಂಬ ಅಪ್ಪಣೆಗೆ ಕಾಯಬೇಕಿತ್ತು. ಅವರ ಭಾನುವಾರಗಳು ಎಷ್ಟು ಅಪರೂಪಕ್ಕೆ ಬರುತ್ತಿದ್ದವೆಂದು ನನ್ನಕ್ಕನನ್ನೇ ಕೇಳಬೇಕು.

ಇಂಥ ಕಾರು ಇದ್ದಕ್ಕಿದ್ದಂತೆ ಯೋಚನೆ ಮಾಡಲು ಶುರುಮಾಡಿತು. ಗೇರನ್ನು ಡಿಗೆ, ಅಂದರೆ ಡ್ರೈವ್‌ಗೆ, ಹಾಕಿದರೆ ಹೊರಡುವುದೇ ಇಲ್ಲ. ಒಂದು, ಎರಡು, ಮೂರು. ಆಮೇಲೆ ಬೆನ್ನಿಗೆ ಗುದ್ದಿದಂತೆ ಧಡ್ ಎಂದು ಮುಂದಕ್ಕೆ! ಕುಕ್ಕರಿನ ಸೀಟಿ ಎಣಿಸಿಯೇ ಸಂಸಾರ ಮಾಡಿದವಳು ನಾನು, ಎಣಿಕೆ ತಪ್ಪುವುದಿಲ್ಲ. ಬೆಳಿಗ್ಗೆ ಮೂರು, ಬಿಸಿಯೇರಿದ ಮೇಲೆ ಮಧ್ಯಾಹ್ನ ಒಂದು, ರಿವರ್ಸಿಗೆ ಇನ್ನೊಂದು ಹೆಚ್ಚು. ಕ್ಯಾಲೆಂಡರಿನ ಚೌಕಗಳಲ್ಲಿ ಬರೆದೂ ಇಟ್ಟೆ.

ನಮ್ಮನೆಯವರು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರು. ಮಧ್ಯಾಹ್ನ ಊಟ ಮಾಡಿ, ಕಾರು ಬಿಸಿಯಾಗಿದ್ದಾಗ ಒಂದು ಸುತ್ತು ಹೋಗಿಬಂದು ತೀರ್ಪು ಕೊಟ್ಟರು. "ಕಾರು ಸರಿಯಾಗೇ ಇದೆ ಮಾರಾಯ್ತಿ. ನೀನು ಬ್ರೇಕ್ ಬಿಡೋದೇ ಲೇಟು. ಆಮೇಲೆ ಗಾಬರಿಯಾಗಿ ಆಕ್ಸಿಲರೇಟರ್ ತುಳೀತೀಯ."

"ಗೇರಿನ ಎಣ್ಣೆ ಆದ್ರೂ ನೋಡಿ ಅಂದ್ರೆ."

ನೋಡಿದರು. ರಾಗಿಗುಡ್ಡದ ನಮ್ಮ ಮನೆಯ ಇಳಿಜಾರು ಪೋರ್ಟಿಕೋದಲ್ಲಿ, ಇಂಜಿನ್ ಆಫ್ ಮಾಡಿ, ಅಳತೆಕಡ್ಡಿ ಎಳೆದು, ನನ್ನ ಹೊಸ ಕೈವಸ್ತ್ರದಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು, ಪ್ರಯೋಗಶಾಲೆಯ ಗಾಂಭೀರ್ಯದಿಂದ ಬೆಳಕಿಗೆ ಹಿಡಿದರು. "ಫುಲ್ ಇದೆ. ಈಗೇನಂತೀಯ?"

ನಾನು ಬಿಡಲಿಲ್ಲ. ಸವಳಂಗ ರಸ್ತೆಯ ಗ್ಯಾರೇಜೊಂದರಲ್ಲಿ ತೋರಿಸಿದೆವು. ಓಡಿಸುವವಳು ನಾನು, ಆದರೆ ಆತ ನನ್ನ ಕಡೆ ತಿರುಗಿಯೂ ನೋಡದೆ ಇವರಿಗೆ ಹೇಳಿದ: "ಗೇರ್‌ಬಾಕ್ಸೇ ಹೋಗ್ತಾ ಇದೆ ಸಾರ್. ಯಾರಿಗಾದ್ರೂ ಕೊಟ್ಟು ಮ್ಯಾನುಯಲ್ ತಗೊಳ್ಳಿ." ಇವರಿಗೆ ಅಷ್ಟೇ ಸಾಕಾಯಿತು. ಕುಂಸಿಯ ಪರಿಚಯದವರೊಬ್ಬರು ಭಾನುವಾರ ಕಾರು ನೋಡಲು ಬರುವುದೆಂದಾಯಿತು. ನನ್ನ ಗುರುವಾರಗಳು ಕುಂಸಿಗೆ ಹೊರಟವು.

ಶನಿವಾರ ಬೆಳಿಗ್ಗೆ, ಬರುವವರಿಗೆ ಚೆನ್ನಾಗಿ ಕಾಣಲೆಂದು ಪೋರ್ಟಿಕೋ ತೊಳೆಯುತ್ತಿದ್ದೆ. ಆಯುಧಪೂಜೆಗೆ ಕಾರಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದಿದ್ದೆವು; ಅಂದಿನ ಕೆಂಪು ಕಲೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. "ಸಿಮೆಂಟಿಗೆ ಹಿಡಿದ ಕುಂಕುಮ, ಹೋಗಲ್ಲ ಬಿಡು" ಎಂದಿದ್ದರು ಇವರು. ನಾನೂ ದೃಷ್ಟಿ ತೆಗೆದದ್ದು ಗಟ್ಟಿಯಾಗಿ ಹತ್ತಿದೆ ಅಂದುಕೊಂಡು ಸಮಾಧಾನವಾಗಿದ್ದೆ. ಹಿಂದಿನ ರಾತ್ರಿ ಕಾರನ್ನು ಎರಡು ಅಡಿ ಹಿಂದಕ್ಕೆ ನಿಲ್ಲಿಸಿದ್ದೆ. ನೋಡಿದರೆ ಕಲೆಯೂ ಎರಡು ಅಡಿ ಹಿಂದೆ ಬಂದಿದೆ! ಕೂತು ಬೆರಳಿಟ್ಟೆ. ಜಾರಿತು. ಕುಂಕುಮ ಜಾರುವುದಿಲ್ಲ, ಕಾರಿನ ಹಿಂದೆ ನಡೆದುಕೊಂಡೂ ಬರುವುದಿಲ್ಲ.

"ಭದ್ರಾವತಿಗೆ ಹೋಗೋಣ, ಅಕ್ಕನ ಬೀದಿಯಲ್ಲಿ ಸೆಲ್ವಣ್ಣ ಅಂತ ಮೆಕ್ಯಾನಿಕ್ ಇದ್ದಾರೆ" ಅಂದೆ. ಇವರು, ದಾರಿಯಲ್ಲಿ ಕಾರು ನಿಂತರೆ ನನ್ನ ಮುಖ ನೋಡಬಹುದೆಂದೋ ಏನೋ, ಜೊತೆಗೆ ಹೊರಟರು.

ಸೆಲ್ವಣ್ಣ ಮೊದಲು ಕೇಳಿದ್ದು, "ಓಡಿಸೋದು ಯಾರು?" ನಾನು ಕೈಯೆತ್ತಿದೆ, ಕ್ಲಾಸಿನಲ್ಲಿ ಎತ್ತುವ ಹಾಗೆ. "ಹಾಗಾದ್ರೆ ನೀವು ಹೇಳಿಮ್ಮ." ಬೆಳಗಿನ ಮೂರು, ಮಧ್ಯಾಹ್ನದ ಒಂದು, ನಡೆಯುವ ಕುಂಕುಮ, ಎಲ್ಲ ಹೇಳಿದೆ. ಇವರು ನಡುವೆ ಬಾಯಿ ಹಾಕಿ, "ಆಯಿಲ್ ಫುಲ್ ಇದೆ, ನಾನೇ ನೋಡಿದ್ದೀನಿ" ಅಂದರು.

"ಹೆಂಗೆ ನೋಡಿದ್ರಿ ಸಾರ್?"

"ಇಂಜಿನ್ ಆಫ್ ಮಾಡಿ."

"ಅಯ್ಯೋ, ಅದು ಇಂಜಿನ್ ಆಯಿಲ್ ನೋಡೋ ರೀತಿ ಸಾರ್! ಈ ಗಾಡೀಲಿ ಗೇರಿನ ಆಯಿಲನ್ನ ಬಿಸಿ ಇರುವಾಗ, ಸಮನಾದ ನೆಲದಲ್ಲಿ, ಇಂಜಿನ್ ಓಡ್ತಾನೇ ನೋಡ್ಬೇಕು. ಆಫ್ ಮಾಡಿದ್ರೆ ಮೇಲಿರೋದೆಲ್ಲ ಕೆಳಗಿಳಿದು ಫುಲ್ ಅಂತ ಸುಳ್ಳು ತೋರ್ಸುತ್ತೆ."

ಇಂಜಿನ್ ಓಡಿಸಿಯೇ ಕಡ್ಡಿ ಎಳೆದರು. ತುದಿ ಮಾತ್ರ ಒದ್ದೆ, ಬಣ್ಣ ನನ್ನ ಕುಂಕುಮದ್ದೇ. ಕಾರಿನಡಿ ಗೇರ್‌ಬಾಕ್ಸಿನ ಎಣ್ಣೆತಟ್ಟೆಯ ಅಂಚಿನ ಗ್ಯಾಸ್ಕೆಟ್ ಪಟ್ಟಿ ಸವೆದು ಹನಿಯುತ್ತಿತ್ತು. ಎಣ್ಣೆ ಕಡಿಮೆಯಾಗಿ ಒತ್ತಡ ಏರುವುದು ತಡ, ಅದಕ್ಕೇ ಗೇರು ಹಿಡಿಯುವುದೂ ತಡ. ಒತ್ತಡ ಅಂದಕೂಡಲೇ ನಮ್ಮ ಫಿಸಿಕ್ಸ್ ಮೇಷ್ಟ್ರು ಅತ್ತ ತಿರುಗಿ ಪಕ್ಕದ ಗೋಡೆಯ ಪೋಸ್ಟರ್ ಓದತೊಡಗಿದರು. ಸಂಜೆಯೊಳಗೆ ಹೊಸ ಗ್ಯಾಸ್ಕೆಟ್, ಫಿಲ್ಟರ್, ಈ ಕಾರಿಗೆ ಹೇಳಿದ ಎಣ್ಣೆಯೇ ಬಿತ್ತು. ಡಿಗೆ ಹಾಕಿದೆ. ಒಂದು ಅನ್ನುವುದರೊಳಗೆ ಕಾರು ಹೊರಟಿತ್ತು.

"ರೀ, ಕುಂಸಿಯವರಿಗೆ ಫೋನ್ ಮಾಡಿ, ಬರೋದು ಬೇಡ ಅನ್ನಿ" ಎಂದೆ. ಮದುವೆಯಾದ ಮೇಲೆ ನಾನು ಕೊಟ್ಟ ಮೊದಲ ಆರ್ಡರ್. ಮಾಡಿದರು.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮುಂದಿನ ಗುರುವಾರ ಬೆಳಿಗ್ಗೆ ರಿವರ್ಸ್ ಹಾಕಿದೆ. ನಾಲ್ಕು ತಿಂಗಳು ಕಾದು ಕಾದು, ಕಾಯುವಾಗ ಆಕ್ಸಿಲರೇಟರನ್ನು ಮೆಲ್ಲಗೆ ತುಳಿಯುವ ಚಾಳಿ ನನ್ನ ಕಾಲಿಗೆ ಹತ್ತಿತ್ತು. ಹೌದು, ಇವರು ಹೇಳಿದ್ದು ಅಷ್ಟರಮಟ್ಟಿಗೆ ನಿಜವೇ. ಕಾಲು ತುಳಿಯಿತು, ಕಾರು ಕಾಯಲಿಲ್ಲ. ಅರ್ಧ ತೆರೆದಿದ್ದ ಗೇಟನ್ನು ಪೂರ್ತಿ ತೆರೆದುಕೊಂಡೇ ರಸ್ತೆಗೆ ಬಂದೆ.

ಇವರು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದರು. "ಈಗ ಯಾವ ಎಣ್ಣೆ ಕಮ್ಮಿಯಾಗಿತ್ತು ಮಾರಾಯ್ತಿ?"

ಎನ್ನುತ್ತ ಕೀಗೆ ಕೈಚಾಚಿದರು. ನಾನು ಕೊಡಲಿಲ್ಲ. ಕೀಲು ಬಾಗಿದ ಗೇಟು ಈಗ ಮುಚ್ಚುವುದೇ ಇಲ್ಲ. ವೆಲ್ಡಿಂಗಿನವರನ್ನು ಕರೆಸಲೇ ಎಂದು ಇವರು ದಿನಾ ಕೇಳುತ್ತಾರೆ. ಅವಸರವೇನಿಲ್ಲ, ಭಾನುವಾರ ನೋಡೋಣ ಅಂದಿದ್ದೇನೆ.