ವರ್ಗವಾಗಿ ಬಂದ ಕುಂಬಾರ ಹುಳ

ಸುಂಕದ ನಾಕಾದಲ್ಲಿ ಕಾರಕೂನಿಕೆ ಮಾಡುವವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಊರು ಬದಲಾದರೆ ಮನೆ ಬದಲು, ಮನೆ ಬದಲಾದರೆ ಹುಳ ಬದಲು. ನಾವು ಬೀಗ ತೆಗೆದು ಒಳಗೆ ಕಾಲಿಡುವ ಹೊತ್ತಿಗೆ ಅವು ಆಗಲೇ ಸಂಸಾರ ಹೂಡಿರುತ್ತವೆ. ಬಾಡಿಗೆ ಕೊಡುವವರು ಮಾತ್ರ ನಾವು.

ನಾನು ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮಿಸ್ಸಮ್ಮಗಳ ಹೆಣ್ಣುಮಕ್ಕಳ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದೆ. ರಜೆಗೆ ಬಂದಾಗಲೆಲ್ಲ ಅಪ್ಪ ಬೇರೊಂದು ಊರಿನಲ್ಲಿರುತ್ತಿದ್ದರು. ಶಾಲೆಯಲ್ಲಿ ಇಂಗ್ಲಿಷ್ ತಪ್ಪೀತೆಂದು ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಮನೆಯಲ್ಲಿ ಕನ್ನಡದ ನಡುವೆ ಇಂಗ್ಲಿಷ್ ನುಸುಳೀತೆಂದು ಮುಚ್ಚಿಕೊಂಡಿರುತ್ತಿದ್ದೆ. ಹೀಗಾಗಿ ನನಗೆ ಉಳಿದ ಕೆಲಸ ನೋಡುವುದೊಂದೇ. ನೋಡಿದ್ದು ಹೆಚ್ಚಾಗಿ ಗೋಡೆ, ಮೂಲೆ, ತೊಲೆ, ಮತ್ತು ವೈನಿಯ ಮುಖ.

ವೈನಿ ಅಂದರೆ ಅಣ್ಣನ ಹೆಂಡತಿ. ಮದುವೆಯಾಗಿ ಬಹಳ ದಿನವಾದರೂ ಮಡಿಲು ತುಂಬಿರಲಿಲ್ಲ. ಅಪ್ಪನ ಅಕ್ಕ, ನಮ್ಮ ಅಳವಂಡಿ ಅತ್ತೆ, ತನ್ನ ಮೈದುನನ ಮಗಳನ್ನು ಅಣ್ಣನಿಗೆ ಎರಡನೆಯವಳಾಗಿ ತಂದೇ ತರುತ್ತೇನೆಂದು ಪಟ್ಟು ಹಿಡಿದಿದ್ದಳು. ಅಕ್ಕನ ಮಾತಿಗೆ ಅಪ್ಪ ಎದುರಾಡಿದವರಲ್ಲ. ಅಣ್ಣ ಯಾರ ಮಾತಿಗೂ ಎದುರಾಡಿದವನಲ್ಲ. ಮುಂದೆ ಬರುವ ನಗೆಯೆಲ್ಲ ಈ ಸಂಕಟದ ಮಗ್ಗುಲಿಗೇ ಕೂತು ನಕ್ಕದ್ದು.

ಗಂಗಾವತಿಯ ದೀಪ

ಗಂಗಾವತಿಯಲ್ಲಿ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಕಾಲುವೆ, ಆಚೆ ಭತ್ತದ ಗದ್ದೆ. ಮಳೆಗಾಲದ ಸಂಜೆ ದೀಪ ಹಚ್ಚಿದರೆ ಗದ್ದೆಯ ಹುಳವೆಲ್ಲ ಊಟಕ್ಕೆ ಬರುತ್ತಿತ್ತು. ಹಸಿರು ಹುಳ, ಕರಿ ಹುಳ, ರೆಕ್ಕೆ ಕಳಚಿ ಸಾರಿಗೇ ಬೀಳುವ ಹುಳ. ಅವ್ವ ಅದಕ್ಕೊಂದು ಉಪಾಯ ಮಾಡಿದ್ದಳು. ದೀಪವನ್ನು ಪಡಸಾಲೆಯ ಆ ತುದಿಯಲ್ಲಿ, ನೀರು ತುಂಬಿದ ಪರಾತದ ನಡುವೆ ಇಡುವುದು. ಹುಳಗಳಿಗೆ ಬೆಳಕು, ನಮಗೆ ಅಡುಗೆಮನೆಯ ಕತ್ತಲು. ತಾಟಿನಲ್ಲಿ ಏನಿದೆಯೆಂದು ಬೆರಳಿನಿಂದ ತಿಳಿಯಬೇಕು, ಬಡಿಸುವವರು ಯಾರೆಂದು ಬಳೆಯ ಸದ್ದಿನಿಂದ.

ಅವತ್ತು ವೈನಿ ರೊಟ್ಟಿ ಬಡಿದು ಎದ್ದವಳು ಬಳೆಗಳನ್ನು ಮೊಳಕೈಯತ್ತ ಸರಿಸಿಕೊಂಡಿದ್ದಳು. ಸದ್ದಿರಲಿಲ್ಲ. ಬಡಿಸುತ್ತಿರುವವಳು ಅವ್ವ ಎಂದೇ ತಿಳಿದು ಅತ್ತೆ ಶುರು ಮಾಡಿದಳು.

"ನಾ ತಂದುಕೊಡೂ ಹುಡುಗಿ ವರ್ಸ ತುಂಬೂದ್ರಾಗ ತೊಟ್ಟಿಲಾ ಕಟ್ಟಸ್ತಾಳ ನೋಡವಾ. ಈಕಿನೂ ಇರ್ಲಿ ಬಿಡು, ಹೊರಗ ಹಾಕು ಅನ್ನೂದಿಲ್ಲ ನಾ. ರೊಟ್ಟಿ ಛಲೋ ಬಡೀತಾಳ."

ಸಾರಿನ ಸೌಟು ನಡುವೆಯೇ ನಿಂತಿತು.

"ಯಾಕ ನಿಂತಿ? ತಾಟಿನ್ಯಾಗ ಹುಳಾ ಬಿತ್ತೇನು?"

"ಇಲ್ರಿ ಅತ್ತಿಯವ್ರ," ಎಂದಿತು ವೈನಿಯ ದನಿ. "ಹುಳಾ ಅಲ್ರಿ, ಮಾತು ಬಿತ್ತು. ಇನ್ನೊಂದೀಟು ಸಾರು ಹಾಕ್ಲೇನ್ರಿ?"

ಆಮೇಲೆ ಅತ್ತೆ ತನ್ನ ತಾಟಿನಲ್ಲಿ ಹುಳವೇ ಬಿದ್ದಿದ್ದರೂ ಸದ್ದಿಲ್ಲದೆ ನುಂಗುತ್ತಿದ್ದಳೆಂದು ನನಗೆ ಈಗಲೂ ಅನ್ನಿಸುತ್ತದೆ. ನಾನು ಕೈ ತೊಳೆಯಲು ಹಿತ್ತಲಿಗೆ ಹೋಗಿ ನಕ್ಕೆ. ಒಳಗೆ ಬಂದಾಗ ವೈನಿ ಕತ್ತಲಲ್ಲೇ ಕೂತು ಉಣ್ಣುತ್ತಿದ್ದಳು. ದೀಪ ಈ ಕಡೆ ತರಲೇ ಎಂದರೆ ಬೇಡ ಅಂದಳು. ಆ ನಗು ಅಲ್ಲಿಗೇ ಒಣಗಿತು.

ಯಲಬುರ್ಗಾದ ಶೇರವಾನಿ

ಯಲಬುರ್ಗಾದಲ್ಲಿ ಸುತ್ತಲೂ ಎರಿ ಹೊಲ. ಮಳೆ ಬಿದ್ದರೆ ಆ ಕಪ್ಪು ಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಕುಂಬಾರ ಹುಳಕ್ಕಂತೂ ಹಬ್ಬ. ನಡು ದಾರದಷ್ಟು ತೆಳ್ಳಗಿರುವ ಈ ಕಣಜ ಬಾಯಲ್ಲಿ ಹಸಿಮಣ್ಣಿನ ಉಂಡೆ ತಂದು ಸಿಕ್ಕಲ್ಲಿ ಗೂಡು ಮೆತ್ತುತ್ತದೆ. ಅದು ಗೂಡು ಕಟ್ಟಿದ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಬಸುರಾಗುತ್ತಾಳೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಗೂಡು ಕೆಡವಿದರೆ ಆ ಭಾಗ್ಯ ಕೆಡವಿದ ಹಾಗೆ.

ಅದು ಕಟ್ಟಿದ್ದು ಗೂಟಕ್ಕೆ ಹಾಕಿದ್ದ ಅಪ್ಪನ ಶೇರವಾನಿಯ ತೋಳಿನೊಳಗೆ.

"ಮುಟ್ಟಬ್ಯಾಡ್ರಿ," ಅಂದಳು ಅವ್ವ.

"ಇವತ್ತ ದೊಡ್ಡ ಸಾಹೇಬ್ರು ಬರ್ತಾರ. ಬರೇ ಅಂಗಿ ಮ್ಯಾಲ ನಿಂದ್ರಲೇನು?"

"ನಿಂದರ್ರಿ. ನೌಕರಿ ಹ್ವಾದ್ರ ಇನ್ನೊಂದು ಸಿಗತೈತಿ."

ಅಪ್ಪ ಅಂಗಿಯ ಮೇಲೆಯೇ ಹೋದರು. ಸಾಹೇಬರು ಮಳೆಯಲ್ಲಿ ತೊಪ್ಪನೆ ತೊಯ್ದು ಬಂದು, ಕುದುರೆ ಇಳಿಯುತ್ತಲೇ ಕೇಳಿದರಂತೆ, "ಕಾರಕೂನ್ ಸಾಬ್, ಶೇರವಾನಿ ಎಲ್ಲೈತಿ?" ಅಪ್ಪನಿಗೆ ಸುಳ್ಳು ಹೇಳಲು ಬಾರದು. ಇದ್ದದ್ದು ಇದ್ದ ಹಾಗೆ ಹೇಳಿದರು. ಸಾಹೇಬರು ಮುಖ ಒರೆಸಿಕೊಂಡು, "ನಮ್ದು ಛತ್ರಿ ಒಳಗ ಬೀ ಕಟ್ಟೈತಿ," ಅಂದರು. "ಬೇಗಂ ಬಿಚ್ಚಾಕ ಕೊಡವಲ್ರು. ಮಗಳು ಬಂದಾಳ ಮನಿಗೆ."

ಒಬ್ಬರು ಬರಿಯ ಅಂಗಿಯಲ್ಲಿ, ಒಬ್ಬರು ಒದ್ದೆ ಬಟ್ಟೆಯಲ್ಲಿ, ಇಬ್ಬರೂ ಕೂಡಿ ಆ ದಿನದ ಬಂಡಿಗಳ ಸುಂಕ ವಸೂಲು ಮಾಡಿದರು. ಅವತ್ತು ಯಲಬುರ್ಗಾದಲ್ಲಿ ಸರ್ಕಾರ ನಡೆಸಿದವು ಎರಡು ಹುಳ.

ಅತ್ತೆ ಬಂದಾಗ ಅವ್ವ ತೋಳು ಬಿಡಿಸಿ ತೋರಿಸಿದಳು. "ಈ ವರ್ಸ ತಡೀರಿ ಅಕ್ಕಾರ." ಅತ್ತೆಯೂ ನಂಬುವವಳೇ, ತಡೆದಳು. ಆದರೆ ಏನೂ ಆಗಲಿಲ್ಲ. ಹುಳ ಗೂಡಿಗೆ ತೂತು ಕೊರೆದು ಹಾರಿಹೋಯಿತು. ಶೇರವಾನಿ ಒಗೆಯಲೆಂದು ವೈನಿ ಗೂಡನ್ನು ಒಡೆದಳು. ಒಳಗೆ ಮರಿ ತಿಂದು ಉಳಿದ, ಒಣಗಿದ ಪುಟ್ಟ ಜೇಡಗಳು. ಮರಿಗಳಿಗೆ ತಿನ್ನಲೆಂದು ಕುಂಬಾರ ಹುಳ ಜೇಡ ತುಂಬಿಡುತ್ತದೆಂದು ನಾನು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ವೈನಿ ಅವುಗಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ಕೂತಾಗ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ವಾರವೇ ಸಾಹೇಬರ ಮನೆಯಿಂದ ಪೇಡೆ ಬಂತು. ಮಗಳಿಗೆ ಗಂಡು ಕೂಸು. ಅವ್ವ ಪೇಡೆ ಬಾಯಿಗೆ ಹಾಕಿಕೊಂಡು, "ಎರಡೂ ಕಡಿಗೂ ಒಂದ ಹುಳಾ ಇರಬೇಕು," ಅಂದಳು. "ಅದಕ ಮೊದಲ ಛತ್ರಿ ಸಿಕ್ಕೈತಿ."

ಕುಷ್ಟಗಿಯ ಬಲೆ

ಕುಷ್ಟಗಿಯಲ್ಲಿ ಹಗ್ಗ ಎಷ್ಟು ಬಿಟ್ಟರೂ ಕೊಡ ಬಾವಿಯ ಕಲ್ಲಿಗೇ ತಾಗುತ್ತಿತ್ತು. ಕೆಂಪು ಮಸಾರಿ ನೆಲ, ಕೆಂಪು ಧೂಳು. ಕುಂಬಾರ ಹುಳಕ್ಕೆ ಹಸಿಮಣ್ಣು ಎಲ್ಲಿಂದ ಸಿಗಬೇಕು? ಅವ್ವ ದಿನಾ ಬೆಳಿಗ್ಗೆ ಗೋಡೆ ಗೋಡೆ ನೋಡುವಳು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಆ ಹುಳಾ ಮರಿಗೋಳಿಗೆ ಜೇಡ ಹಿಡದು ತುಂಬತೈತಂತ. ಬುಕ್ಕಿನ್ಯಾಗ ಐತಿ."

ಇಡೀ ರಜೆಯಲ್ಲಿ ನಾನಾಗಿ ಆಡಿದ ಮಾತು ಅದೊಂದೇ. ಅದನ್ನೂ ಆಡಬಾರದಿತ್ತು. ಅವತ್ತಿನಿಂದ ಅವ್ವ ಮೂಲೆಗೆ ಕಸಬರಿಗೆ ಸೋಕಗೊಡಲಿಲ್ಲ. "ಜೇಡ ಇರ್ಲಿ. ಉಣ್ಣಾಕ ಇದ್ದಲ್ಲೆ ಯಾರರೆ ಬರ್ತಾರ." ಜೇಡಗಳು ಕೊಬ್ಬಿದವು. ತೊಲೆಯಿಂದ ತೊಲೆಗೆ ಬಲೆ. ಅಪ್ಪ ಕಚೇರಿಗೆ ಹೊರಡುವಾಗ ತಲೆಯ ಮೇಲೊಂದು ರೂಮಿ ಟೋಪಿ, ಟೋಪಿಯ ಮೇಲೊಂದು ಬಲೆ. ಕುಂಬಾರ ಹುಳ ಮಾತ್ರ ಬರಲಿಲ್ಲ.

ಬಂದದ್ದು ಅತ್ತೆ. ಹೊಸ್ತಿಲು ದಾಟುತ್ತಲೇ ಬಲೆ ಅವಳ ಹಣೆಯ ಕುಂಕುಮಕ್ಕೆ ಅಂಟಿತು.

"ಮಕ್ಕಳಂತೂ ಇಲ್ಲ. ಮನ್ಯಾಗ ಕಸಬರಿಗೀನೂ ಇಲ್ಲೇನು?"

ನನ್ನ ಓದು ವೈನಿಯ ಮೇಲೆ ಎರಡನೆಯ ತಪ್ಪಾಗಿ ಬಿತ್ತು. ವೈನಿ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ವಾಸಿಯಿತ್ತು.

"ಈ ಸಲ ಎಲ್ಲೈತಿ ಗೂಡು?" ಅತ್ತೆ ಕೇಳಿದಳು.

"ಬರ್ರಿ ತೋರಸ್ತೀನಿ," ಎಂದು ಅವ್ವ ಗೋಡೆಯೊಳಗಿನ ದೇವರ ಮಾಡದ ಹತ್ತಿರ ಕರೆದೊಯ್ದಳು. ಮಾಡದ ಅಂಚಿನಲ್ಲಿ ಹೆಬ್ಬೆರಳಿನಷ್ಟು ದಪ್ಪ ಗೂಡು. ನಿನ್ನೆ ಇರಲಿಲ್ಲ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಊರ ತುಂಬ ಕೆಂಪು ಮಣ್ಣು. ಇದು ಕರೇ ಮಣ್ಣು ಎಲ್ಲಿಂದ ತಂತು?"

ನಾನು ಬಚ್ಚಲಿನತ್ತ ನೋಡಿದೆ. ಅಲ್ಲಿ, ತಲೆ ತೊಳೆಯಲೆಂದು ಯಲಬುರ್ಗಾದಿಂದ ತಂದಿದ್ದ ಎರಿ ಮಣ್ಣಿನ ಗಡಿಗೆ. ಆಮೇಲೆ ಅವ್ವನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕಪ್ಪು. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಮುಖ ಅಲುಗಿಸದೆ ಹೇಳಿದಳು.

"ನಮಗ ಯಲಬುರ್ಗಾದಿಂದ ವರ್ಗ ಆಗಿಲ್ಲೇನ್ರಿ ಅಕ್ಕಾರ? ಅದಕ್ಕೂ ಆಗೈತಿ."

ಕೊಪ್ಪಳದ ಮೂರು

ಕೊಪ್ಪಳಕ್ಕೆ ಬಂದದ್ದು ಬೇಸಿಗೆಯಲ್ಲಿ. ಮನೆಯ ಬೆನ್ನಿಗೇ ಬಂಡೆಯ ಗುಡ್ಡ. ಹಗಲೆಲ್ಲ ಕಾದ ಕಲ್ಲು ಸಂಜೆ ನಮ್ಮ ಮೇಲೆ ಉಸಿರು ಬಿಡುತ್ತಿತ್ತು. ಮರುವರ್ಷ ನನ್ನ ಮ್ಯಾಟ್ರಿಕ್. ಪಾಸಾದರೆ ಮುಂದೆ ಓದಿಸುತ್ತೇನೆಂದು ಅಪ್ಪ ಒಪ್ಪಿದ್ದರು.

ಕುಷ್ಟಗಿಯಿಂದ ತಡೆದು ಮರಳಿದ್ದ ಅತ್ತೆ ಈ ಸಲ ಮೈದುನನನ್ನೇ ಕರೆದುಕೊಂಡು, ತಾಂಬೂಲದ ಸಾಮಾನು ಸಮೇತ ಬರುತ್ತಾಳೆಂದು ಸುದ್ದಿ ಬಂತು. ಅವ್ವ ಜ್ವರ ಬಂದು ಮಲಗಿದ್ದಳು. ಗೂಡು ಮಾಡುವವರು ಯಾರು? ವೈನಿಗೆ ಅವ್ವನ ಗೂಡಿನ ವಿಷಯ ಗೊತ್ತೋ ಇಲ್ಲವೋ ನನಗೆ ತಿಳಿಯದು. ಕೇಳಲು ಧೈರ್ಯವಿಲ್ಲ. ಎಲ್ಲರೂ ಮಲಗಿದ್ದ ಮಧ್ಯಾಹ್ನ ತುಳಸಿ ಕಟ್ಟೆಯಿಂದ ಒಂದು ಹಿಡಿ ಮಣ್ಣು ತಂದು ಕಲಸಿ, ನೀರಿನ ಕೊಡಗಳ ಮೇಲಿನ ಗೋಡೆಗೆ ಗೂಡೊಂದನ್ನು ಮೆತ್ತಿದೆ. ಬಿಸಿಲಿಗೆ ಬಿರುಕು ಬಿಟ್ಟೀತೆಂದು ದಿನಾ ಬೆರಳು ಅದ್ದಿ ನೀರು ಸವರುತ್ತಿದ್ದೆ.

ಅತ್ತೆ ಬಂದಳು. ಮೈದುನ ಅಪ್ಪನ ಜೊತೆ ಪಡಸಾಲೆಯಲ್ಲಿ ಕೂತ. ಅವ್ವ ಜ್ವರದಲ್ಲೇ ಎದ್ದು, ಗೋಡೆ ಹಿಡಿದು ನಡೆದು, "ನೋಡ್ರಿ ಅಕ್ಕಾರ," ಎಂದು ದೇವರ ಮಾಡ ತೋರಿಸಿದಳು. ಅಲ್ಲೊಂದು ಕಪ್ಪು ಗೂಡು. ಅತ್ತೆ ತಿರುಗಿದರೆ ಅಡುಗೆಮನೆಯ ಬಾಗಿಲ ಮೇಲೆ ಇನ್ನೊಂದು, ಒಲೆ ಸಾರಿಸುವ ಕೆಮ್ಮಣ್ಣಿನದು. ಇತ್ತ ಕೊಡಗಳ ಮೇಲೆ ನನ್ನದು.

ಅವ್ವ ವೈನಿಯ ಕೈ ನೋಡಿದಳು, ವೈನಿ ನನ್ನ ಕೈ ನೋಡಿದಳು, ನಾನು ನೆಲ ನೋಡಿದೆ.

ಅತ್ತೆ ಬೆರಳು ತೋರಿಸಿ ಎಣಿಸಿದಳು. "ಒಂದು ಸೊಸಿಗೆ ಅನ್ನೂಣು. ಎರಡನೇದು?" ಅವ್ವನನ್ನು ನೋಡಿದಳು. ಅವ್ವ ಬಿಳಿ ಕೂದಲಿನ ಮೇಲೆ ಸೆರಗು ಎಳೆದುಕೊಂಡಳು. ಪಡಸಾಲೆಯಲ್ಲಿ ಅಪ್ಪ ಜೋರಾಗಿ ಕೆಮ್ಮಿದರು. "ಮೂರನೇದು?" ಎಂದು ಅತ್ತೆ ನನ್ನ ಕಡೆ ತಿರುಗಿದಳು.

ಅತ್ತೆ ನೆಟ್ಟಗೆ ಪಡಸಾಲೆಗೆ ಹೋದಳು. "ಮಗನ ಎರಡನೇ ಲಗ್ನ ಇರ್ಲಿ ತಮ್ಮಾ. ಮೊದಲ ಈ ಹುಡುಗಿದು ಮಾಡು. ಮನ್ಯಾಗ ಮೂರು ಗೂಡು ಕಟ್ಟ್ಯಾವ, ಲಗ್ನ ಆಗದ ಹುಡುಗಿನ್ನ ಇಟಗೊಂಡು ಕೂಡ್ತೀಯೇನು? ನಮ್ಮ ಮೈದುನಗ ಮಗಾನೂ ಅದಾನ."

ಮಗಳನ್ನು ಕೊಡಲು ಬಂದಿದ್ದ ಮೈದುನ ಮಗನಿಗೆ ಹೆಣ್ಣು ಗೊತ್ತು ಮಾಡಿಕೊಂಡ. ತಂದ ತಾಂಬೂಲ ಕೆಡಲಿಲ್ಲ. ಒಂದೇ ಮನೆಗೆ ಎರಡು ಬೀಗತನ ಯಾಕೆಂದು ಅತ್ತೆ ಅಣ್ಣನ ಮಾತನ್ನೇ ಕೈಬಿಟ್ಟಳು. ವೈನಿ ಅಡುಗೆಮನೆಗೆ ಹೋಗಿ, ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಊದತೊಡಗಿದಳು.

ಅಪ್ಪ ಒಮ್ಮೆ ಮೆಲ್ಲಗೆ ಹೇಳಿದರು, "ಆಕಿದು ಮ್ಯಾಟ್ರಿಕ್ ಐತಿ ಅಕ್ಕಾ."

"ಅದನ್ನ ಹುಳಕ್ಕ ಹೇಳು," ಅಂದಳು ಅತ್ತೆ.

ಅಳವಂಡಿ

ಹೀಗೆ ನಾನು ಅಳವಂಡಿಗೆ, ಅತ್ತೆಯಿರುವ ಮನೆಗೇ ಸೊಸೆಯಾಗಿ ಬಂದೆ. ಪುಸ್ತಕಗಳ ಪೆಟ್ಟಿಗೆಯೂ ಬಂತು. ಕಳೆದ ಮಳೆಗಾಲ ತೆಗೆದು ನೋಡಿದರೆ ಗೆದ್ದಲು ಹತ್ತಿತ್ತು. ಹುಳಗಳ ಪಾಠವನ್ನೂ ಬಿಟ್ಟಿರಲಿಲ್ಲ.

ಅವ್ವ ಈಗಿಲ್ಲ. ಆ ಮೂರು ಗೂಡಿನ ದಿನವನ್ನು ನೆನೆದು ನಾವು ಮೂವರೂ ಒಮ್ಮೆ ಒಟ್ಟಿಗೆ ಕೂತು ನಗಬೇಕಿತ್ತು. ನಾಳೆ ನಕ್ಕರಾಯಿತೆಂದು ಬಿಟ್ಟೆವು. ವೈನಿಯ ಮಡಿಲು ಇನ್ನೂ ಖಾಲಿಯೇ, ಆದರೆ ಮನೆ ಅವಳದೇ. ನಾನು ತವರಿಗೆ ಹೋದಾಗ ಎರಿ ಮಣ್ಣು ಕಲಸಿ ನನ್ನ ತಲೆ ತೊಳೆಯುತ್ತಾಳೆ. ಆಗಲೂ ಇಬ್ಬರೂ ಆ ಮಾತು ಎತ್ತುವುದಿಲ್ಲ.

ಮೊನ್ನೆ ನನ್ನ ಕೋಣೆಯ ಬಾಗಿಲ ಮೇಲೆ ಕುಂಬಾರ ಹುಳ ಗೂಡು ಕಟ್ಟಿತು. ಓಣಿಯ ಹೆಂಗಸರೆಲ್ಲ ನೆರೆದರು. ಒಬ್ಬಾಕೆ ಆರತಿ ತಟ್ಟೆಯನ್ನೂ ತಂದಳು. ಅತ್ತೆ ಕೋಲೂರಿಕೊಂಡು ಬಂದು ತಲೆಯೆತ್ತಿ ನೋಡಿದಳು.

"ತಡೀರಿ. ತುಳಸಿ ಹುಟ್ಟತೈತೇನ ನೋಡೂಣು."

ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ಕೊಪ್ಪಳದ ತುಳಸಿ ಕಟ್ಟೆಯ ಮಣ್ಣು ನೆನಪಾಯಿತು. ಎಲ್ಲರೂ ಹೋದ ಮೇಲೆ ಅತ್ತೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಕೊಪ್ಪಳದಾಗ ಕೊಡದ ಮ್ಯಾಲಿಂದು ಎರಡು ತುಳಸಿ ಎಲಿ ಬಿಟ್ಟಿತ್ತು. ಲಗ್ನದ ಮಾತು ಮುಗಿಯೂತನಕ ನಾನ ದಿನಾ ಚಿವುಟಿ ಒಗೀತಿದ್ದೆ, ನಿಮ್ಮಪ್ಪಗ ಕಂಡೀತಂತ."

"ಮತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಮ್ಯಾಟ್ರಿಕ್ ಪಾಸಾಗತಿದ್ದಿ, ನಿಮ್ಮ ವೈನಿ ಮ್ಯಾಲ ಸವತಿ ಬರತಿದ್ಲು. ಒಬ್ಬಾಕಿ ಸಲವಾಗಿ ಮೂರು ಮಂದಿ ಕದ್ದು ಮಣ್ಣು ಕಲಸಿದ್ರಿ. ತಾಂಬೂಲ ತಂದ ಮೈದುನನ್ನ ಬರಿಗೈಲೆ ಕಳಸಾಕ ಬರೂದಿಲ್ಲ, ನಾ ಏನ್ ಮಾಡ್ಲಿ?"

ಅತ್ತೆ ಕೋಲಿನ ತುದಿಯಿಂದ ಗೂಡನ್ನು ಮೆಲ್ಲಗೆ ಮುಟ್ಟಿ ನೋಡಿದಳು.

"ಇದು ಮಾತ್ರ ಖರೇ ಹುಳದ್ದ ಐತಿ," ಅಂದಳು. "ನಿನ್ನ ಕೈಗೆಲಸ ಇಷ್ಟು ನೆಟ್ಟಗಿರೂದಿಲ್ಲ."