ಬ್ಯಾಟರಿ ಗಾಡಿಗೆ ಅಂಜಿದ ಮಾಮಾ

ನನ್ನ ಸೋದರಮಾವನಷ್ಟು ಅಂಜುಬುರುಕರು ಈ ಅವಳಿ ನಗರದಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ಇಬ್ಬರನ್ನೂ ಭೇಟಿ ಮಾಡಿಸಬೇಡಿ. ಬಾಗಿಲು ಬಡಿಯಲು ಒಬ್ಬರು ಅಂಜುತ್ತಾರೆ, ತೆರೆಯಲು ಇನ್ನೊಬ್ಬರು. ಇಂಥವರು ಸಂಶೋಧನೆಗೆ ಆರಿಸಿಕೊಂಡ ವಿಷಯವಾದರೂ ಏನು? ಜನ ಬ್ಯಾಟರಿ ಗಾಡಿ ಕೊಳ್ಳಲು ಯಾಕೆ ಹಿಂಜರಿಯುತ್ತಾರೆ ಎಂಬುದು!

ಮಾಮಾ ಧಾರವಾಡದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವರು. ಕೂದಲು ನೆರೆತ ಮೇಲೆ ಪಿಎಚ್‌.ಡಿ. ಹುಚ್ಚು ಹತ್ತಿ, ಗ್ರಾಹಕರ ಮನಸ್ಸು ತಿಳಿಯಲು ಊರೂರು ಅಲೆದರು. ಶಿರಗುಪ್ಪಿಯ ರೈತರೊಬ್ಬರು, "ಹೊಲದ ಹಾದ್ಯಾಗ ಚಾರ್ಜ್ ಮುಗದ್ರ ಎತ್ತು ಹೂಡೂದೇನ್ರಿ ಸರ?" ಎಂದರು. ಹಳೇ ಹುಬ್ಬಳ್ಳಿಯ ಗ್ಯಾರೇಜಿನ ಚಾಚಾ, "ಬಿಚ್ಚಿ ನೋಡಾಕ ಇಂಜಿನ್ನ ಇಲ್ಲ. ಕೆಟ್ರ ನಾ ಏನ್ ನೋಡ್ಲಿ, ಅದರ ಮಾರಿ?" ಎಂದರು. ಬೇರೆಯವರಾಗಿದ್ದರೆ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಮಾಮಾ ಮಾತ್ರ ಕೇಳಿದ ಅಂಜಿಕೆಯನ್ನೆಲ್ಲ ನೆಗಡಿಯಂತೆ ಅಂಟಿಸಿಕೊಂಡು ಮನೆಗೆ ಬರುತ್ತಿದ್ದರು.

ಅಷ್ಟರಲ್ಲಿ ಅತ್ತೆಯ ಉಬ್ಬಸ ಹೆಚ್ಚಾಯಿತು. ಹೊಗೆ ತಾಗಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅಂಗಳದಲ್ಲಿ ಸ್ಟಾರ್ಟ್ ಮಾಡಿದರೆ ಅಡುಗೆಮನೆಯವರೆಗೂ ಹೊಗೆ ತುಂಬುತ್ತಿದ್ದ ಹಳೆಯ ಸ್ಕೂಟರನ್ನು ಮಾಮಾ ಮರುವಾರವೇ ಮಾರಿದರು. ಬ್ಯಾಟರಿ ಗಾಡಿ ಮನೆಗೆ ಬಂತು, ಮಾಮಾರ ಜೀವ ಬಾಯಿಗೆ ಬಂತು.

ಗಾಡಿಯ ಪೂಜೆಯನ್ನು ನೀವು ನೋಡಬೇಕಿತ್ತು! ಕಾಯಿಯ ನೀರು ಸಿಡಿದು ಶಾಕ್ ಹೊಡೆದೀತೆಂದು ಬಾಗಿಲಲ್ಲೇ ನಿಂತು ಒಡೆದರು. ಗಾಡಿಗೆ ವಿಭೂತಿ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಚಾರ್ಜಿಗೆ ಹಚ್ಚಿದಾಗಲಂತೂ ರಬ್ಬರ್ ಚಪ್ಪಲಿ ಮೆಟ್ಟಿ, ಉಸುಕಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಅಂಗಳದಲ್ಲಿ ಕಾವಲು ಕೂರುತ್ತಿದ್ದರು.

"ಒಳಗ ಬರ್ರಿ, ಚಾ ಆರಾಕತ್ತೈತಿ," ಎನ್ನುವರು ಅತ್ತೆ.

"ನೀ ಕಿಡಕಿ ಹಾಕ್ಕೋ. ಉರಿ ಹತ್ತಿದ್ರ ಹೊಗಿ ಒಳಗ ಬರ್ತೈತಿ."

"ಉರಿ ಹತ್ತೂದಿದ್ರ ನೀವ್ಯಾಕ ಅಲ್ಲೇ ಕುಂತೀರಿ ಮತ್ತ?"

ಸಂಶೋಧಕರು ಉಸುಕಿನ ಬಕೆಟ್ಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುವರು.

ಒಮ್ಮೆ ನನ್ನನ್ನು ಹುಬ್ಬಳ್ಳಿಯ ನಮ್ಮ ಮನೆಗೆ ಬಿಡಲು ಹೊರಟರು. ಏರು ಬಂದಲ್ಲೆಲ್ಲ, "ಇಳಿಯವ್ವಾ, ಚಾರ್ಜ್ ಕುಡೀತೈತಿ," ಎಂದು ಇಳಿಸುವರು. ಆ ರಸ್ತೆಯಲ್ಲಿ ಅಷ್ಟೊಂದು ಏರುಗಳಿವೆಯೆಂದು ನನಗೆ ಗೊತ್ತಾದದ್ದೇ ಅಂದು. ಇನ್ನು ಮಳೆ? ಹನಿ ಬಿದ್ದರೆ ಸಾಕು, ಗಾಡಿಗೆ ತಾಡಪತ್ರಿ ಹೊದಿಸಿ, ತಾವು ತೊಯ್ಯುತ್ತ ಬಸ್ಸಿಗೆ ಓಡುವರು.

ಕಳೆದ ಶ್ರಾವಣದ ಒಂದು ಸಂಜೆ, ಜಡಿಮಳೆಯಲ್ಲಿ ಅತ್ತೆಗೆ ಉಸಿರು ಕಟ್ಟಿತು. ಬೀದಿಯಲ್ಲಿ ಒಂದು ಆಟೋ ಇಲ್ಲ. ಮಾಮಾ ತಾಡಪತ್ರಿ ಕಿತ್ತು ಅತ್ತೆಯ ಹೆಗಲಿಗೆ ಹೊದಿಸಿ, ಅವರನ್ನು ಹಿಂದೆ ಕೂರಿಸಿಕೊಂಡು ಗಾಡಿ ಹತ್ತಿದರು.

ಆಸ್ಪತ್ರೆಯಿಂದ ಫೋನ್ ಮಾಡಿದ ಮಾಮಾ "ಲಗೂ ಬಾ" ಎಂದಷ್ಟೇ ಹೇಳಿದ್ದರು. ಹುಬ್ಬಳ್ಳಿಯಿಂದ ಸಿಕ್ಕ ಬಸ್ಸು ಹತ್ತಿ ಧಾರವಾಡಕ್ಕೆ ಓಡಿದೆ. ಹೋಗಿ ನೋಡಿದರೆ ಅತ್ತೆಯ ಮೂಗಿಗೆ ಆಕ್ಸಿಜನ್ ಹಚ್ಚಿದ್ದರು, ಮುಖಕ್ಕೆ ಬಣ್ಣ ಮರಳಿತ್ತು. ಮಾಮಾ ಒದ್ದೆ ಬಟ್ಟೆಯಲ್ಲೇ ಹೊರಗಿನ ಬೆಂಚಿನ ಮೇಲೆ ನಡುಗುತ್ತಿದ್ದರು. ನಗಿಸೋಣವೆಂದು ಕೇಳಿದೆ, "ಮಳ್ಯಾಗ ಗಾಡಿ ತರಾಕ ಅಂಜಿಕಿ ಆಗಲಿಲ್ಲೇನು ಮಾಮಾ?"

"ಗಾಡಿ ನೆನಪ ಇದ್ದಿಲ್ಲವ್ವಾ. ಅದು ಸಪ್ಪಳ ಮಾಡೂದಿಲ್ಲ ನೋಡು. ಹಿಂದ ನಿಮ್ಮತ್ತಿ ಉಸರು ಎಳಿಯೂದು ಹಾದಿ ತುಂಬ ನನಗ ಕೇಳಸ್ತಿತ್ತು. ಅದೊಂದು ನಿಲ್ಲಬಾರದು ಅಂತ ಹೊಡಕೊಂಡ ಬಂದೆ."

ನನಗೆ ಅಳು ಬಂತು. ಮಾಮಾ ಅದನ್ನು ನೋಡಲಿಲ್ಲ. ಎದ್ದು ಹೋಗಿ ವಾರ್ಡಿನ ಬಾಗಿಲಿಗೆ ಕಿವಿ ಹಚ್ಚಿ ನಿಂತರು.